ಪದಚರ್ಚೆ: ಸರ್ವರ್ ಕಾರ್ಡ್ ‘ಹೊಂದುತ್ತದೆ’ ಎಂದರೆ ಏನು ಅರ್ಥ?

ಗೆಳೆಯರೇ, ನಮಸ್ಕಾರ.

ರ‍್ಯಾಕ್ ಸರ್ವರ್ ಕೊಳ್ಳುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿಯಂಥ ಮುಕ್ತ ಕಾರ್ಯಾಚರಣೆ ವ್ಯವಸ್ಥೆಗಳನ್ನು ಹಾಕಿಕೊಳ್ಳುವವರು ಎಂಥ ಯಂತ್ರ ನೋಡಬೇಕು, ಡಿಸ್ಕ್‌ಗಳನ್ನು ಜೋಡಿಸಲು ಯಾವ ಕಂಟ್ರೋಲರ್ ಕಾರ್ಡ್ ಇರಬೇಕು, ಇಷ್ಟೇ ವಿಷಯ. ಬರೆಯುತ್ತಾ ಹೋದಂತೆ ಒಂದೇ ಒಂದು ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಕಂಪ್ಯಾಟಿಬಲ್ ಅನ್ನುವ ಕಡೆಯಲ್ಲೆಲ್ಲ ‘ಹೊಂದಾಣಿಕೆ’ ಎಂದು ಬರೆದುಕೊಂಡು ಹೋಗಿದ್ದೆ. ಈಗ ಮೊದಲಿಂದ ಓದಿದರೆ ಅದು ಒಂದೊಂದು ಪುಟದಲ್ಲಿ ಒಂದೊಂದು ಅರ್ಥ ಕೊಡುತ್ತಿದೆ. ಓದುವವರು ಈ ಮಾತನ್ನು ನಂಬಿ ದುಡ್ಡು ಹಾಕುತ್ತಾರೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಈ ಚಿಂತೆ ಸುಮ್ನೆ ಹುಟ್ಟಿದ್ದಲ್ಲ. ಕೆಲವು ವರ್ಷಗಳ ಹಿಂದೆ ಬೇರೆಯವರು ಬಳಸಿದ್ದ ಸರ್ವರ್ ಒಂದನ್ನು ಕೊಂಡಿದ್ದೆ. ಎರಡು ಯು ಎತ್ತರ (ಯು ಅಂದರೆ ಸರ್ವರ್ ಎತ್ತರದ ಅಳತೆ), ಮುಂಭಾಗದಲ್ಲಿ ಎಂಟು ಡಿಸ್ಕ್ ಗೂಡುಗಳು, ಒಳಗೆ ಒಂದು ರೇಡ್ ಕಾರ್ಡ್, ಅಂದರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ಕಟ್ಟುವ ಕಾರ್ಡ್. ‘ಲಿನಕ್ಸ್‌ಗೆ ಹೊಂದುತ್ತದೆ’ ಎಂದು ವಿವರದಲ್ಲಿ ಬರೆದಿತ್ತು. ನನಗೆ ಬೇಕಾಗಿದ್ದದ್ದು ಝಡ್‌ಎಫ್‌ಎಸ್, ಡಿಸ್ಕ್‌ಗಳನ್ನು ತಾನೇ ಜೋಡಿಸಿ ನೋಡಿಕೊಳ್ಳುವ ಕಡತ ವ್ಯವಸ್ಥೆ. ಅದಕ್ಕೆ ಪ್ರತಿಯೊಂದು ಡಿಸ್ಕ್ ಕೂಡ ನೇರವಾಗಿ ಕೈಗೆ ಸಿಗಬೇಕು, ನಡುವೆ ಇನ್ನೊಬ್ಬರು ಕೂತು ಲೆಕ್ಕ ಇಡಬಾರದು. ಲಿನಕ್ಸ್ ಹಾಕಿದೆ. ಅದು ಕಾರ್ಡಿನ ಗುರುತು ಹಿಡಿಯಿತು, ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ತಾನಾಗಿಯೇ ಬಂದು ಕೂತಿತು. ಆದರೆ ಡಿಸ್ಕ್‌ಗಳ ಪಟ್ಟಿ ತೆಗೆದರೆ ಎಂಟು ಡಿಸ್ಕ್ ಇಲ್ಲ. ಕಾರ್ಡ್ ತಾನೇ ಕಟ್ಟಿಟ್ಟ ಒಂದು ದೊಡ್ಡ ಡಿಸ್ಕ್ ಮಾತ್ರ ಇತ್ತು. ಡಿಸ್ಕ್‌ಗಳನ್ನು ಇದ್ದ ಹಾಗೇ ಬಿಟ್ಟುಕೊಡುವ ದಾರಿ ಆ ಕಾರ್ಡಿನಲ್ಲಿ ಇರಲೇ ಇಲ್ಲ. ಕೊನೆಗೆ ಒಂದೊಂದು ಡಿಸ್ಕನ್ನೂ ರೇಡ್ 0 ಎಂಬ ಬಗೆಯ ಒಂದೊಂದು ಒಂಟಿ ಗುಂಪು ಮಾಡಿ ಕೆಲಸ ಸಾಗಿಸಿದೆ. ಮುಂದೊಂದು ದಿನ ಕಾರ್ಡ್ ಕೆಟ್ಟಿತು. ಬೇರೆ ತಯಾರಕರ ರೇಡ್ ಕಾರ್ಡ್ ಹಾಕಿದೆ. ಹಳೆಯ ಕಾರ್ಡ್ ಡಿಸ್ಕ್‌ಗಳ ಮೇಲೆ ಬರೆದಿಟ್ಟ ಗುರುತುಗಳು ಹೊಸದಕ್ಕೆ ತಿಳಿಯಲಿಲ್ಲ. ಬ್ಯಾಕಪ್ ಇತ್ತು, ಉಳಿದುಕೊಂಡೆ. ಆದರೂ ಎರಡು ರಾತ್ರಿ ನಿದ್ದೆ ಇಲ್ಲ.

‘ಲಿನಕ್ಸ್‌ಗೆ ಹೊಂದುತ್ತದೆ’ ಅನ್ನುವ ಮಾತು ಸುಳ್ಳಾಗಿರಲಿಲ್ಲ, ನೋಡಿ. ಲಿನಕ್ಸ್‌ಗೆ ಹೊಂದಿತ್ತು, ನನ್ನ ಕೆಲಸಕ್ಕೆ ಹೊಂದಲಿಲ್ಲ. ಎರಡಕ್ಕೂ ಒಂದೇ ಪದ ಇದ್ದದ್ದರಿಂದ ಮೋಸಹೋದೆ.

‘ಹೊಂದಾಣಿಕೆ’ಯಲ್ಲಿ ನನಗೆ ಕಾಣುವ ತೊಡಕು ಇದು. ನಮ್ಮ ಮಾತಿನಲ್ಲಿ ಹೊಂದಾಣಿಕೆ ಅಂದರೆ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದು. ‘ಹೊಂದಿಕೊಂಡು ಹೋಗಿ’ ಅನ್ನುವಾಗಲೂ ಅದೇ ಅರ್ಥ. ಯಂತ್ರಗಳ ನಡುವೆ ಹಾಗೆ ಕೊಡುಕೊಳ್ಳುವಿಕೆ ಇಲ್ಲ, ಜಾಸ್ತಿ ಸಲ ಅದು ಒಂದೇ ದಿಕ್ಕಿನದು. ಎಸ್‌ಎಎಸ್, ಸಾಟಾ ಎಂಬುವು ಡಿಸ್ಕ್ ಜೋಡಿಸುವ ಎರಡು ಬಗೆ. ಆ ಎರಡೂ ಬಗೆಯ ಡಿಸ್ಕ್‌ಗಳನ್ನು ಕೈಯಲ್ಲಿ ಹಿಡಿದು ನೋಡಿ. ಸಾಟಾ ಡಿಸ್ಕಿನ ಹಿಂಬದಿಯಲ್ಲಿ ಡೇಟಾ ಭಾಗ, ಪವರ್ ಭಾಗ ಎಂದು ಎರಡು ತುಂಡು, ನಡುವೆ ಒಂದು ಸಂದು. ಎಸ್‌ಎಎಸ್ ಡಿಸ್ಕಿನಲ್ಲಿ ಆ ಸಂದು ತುಂಬಿಕೊಂಡಿರುತ್ತದೆ. ಅದರಿಂದಾಗಿ ಸಾಟಾ ಡಿಸ್ಕ್ ಎಸ್‌ಎಎಸ್ ಗೂಡಿನಲ್ಲಿ ಕೂರುತ್ತದೆ, ಕಂಟ್ರೋಲರ್ ಅದರ ಜೊತೆ ಮಾತಾಡುತ್ತದೆ. ಎಸ್‌ಎಎಸ್ ಡಿಸ್ಕನ್ನು ಸಾಟಾ ಕೇಬಲ್‌ಗೆ ಚುಚ್ಚಲು ಹೋದರೆ ಆ ತುಂಬಿದ ಜಾಗವೇ ಅಡ್ಡ ಬರುತ್ತದೆ. ಕೆಲಸ ಮಾಡದ ಜೋಡಿಯನ್ನು ಯಾರೂ ಜೋಡಿಸದಿರಲಿ ಎಂದೇ ಹಾಗೆ ಮಾಡಿದ್ದಾರೆ. ಇದನ್ನು ‘ಎಸ್‌ಎಎಸ್ ಮತ್ತು ಸಾಟಾ ನಡುವೆ ಹೊಂದಾಣಿಕೆ ಇದೆ’ ಎಂದು ಬರೆದರೆ ಅರ್ಧ ನಿಜ, ಅರ್ಧ ತಪ್ಪು.

ಒಂದು ದಿಕ್ಕಿನ ಪದ ಹುಡುಕುತ್ತಿದ್ದಾಗ ನೆನಪಾದದ್ದು ‘ಒಗ್ಗು’. ‘ಆ ಊರಿನ ನೀರು ನನಗೆ ಒಗ್ಗಲಿಲ್ಲ’ ಅಂತೀವಿ. ನೀರಿಗೆ ನಾನು ಒಗ್ಗಿದೆನೇ ಇಲ್ಲವೇ ಎಂದು ಯಾರೂ ಕೇಳಲ್ಲ. ಯಾವುದು ಯಾರಿಗೆ ಅನ್ನುವುದು ಅಲ್ಲೇ ಸ್ಪಷ್ಟ. ‘ಈ ಕಾರ್ಡ್ ಓಪನ್‌ಬಿಎಸ್‌ಡಿಗೆ ಒಗ್ಗುತ್ತದೆ’, ‘ರೇಡ್ ಕಾರ್ಡ್ ಝಡ್‌ಎಫ್‌ಎಸ್‌ಗೆ ಒಗ್ಗುವುದಿಲ್ಲ’. ನನ್ನ ಕಿವಿಗೆ ಇದು ಚೆನ್ನಾಗಿ ಕೇಳುತ್ತದೆ. ‘ಆಗಿಬರು’ ಕೂಡ ಇದೇ ಜಾತಿಯ ಮಾತು, ಆದರೆ ಅದರಲ್ಲಿ ಅದೃಷ್ಟದ ಛಾಯೆ ಸ್ವಲ್ಪ ಇದೆ ಅನ್ನಿಸಿ ಬಿಟ್ಟೆ. ‘ಒಗ್ಗು’ ಪದದಲ್ಲಿ ಒಂದೇ ಅಳುಕು: ‘ನಿಧಾನಕ್ಕೆ ಒಗ್ಗಿಹೋಗುತ್ತೆ’ ಎಂದೂ ಹೇಳುತ್ತೇವಲ್ಲ. ಕಾರ್ಡ್ ದಿನ ಕಳೆದಂತೆ ಒಗ್ಗಿಹೋಗುವುದಿಲ್ಲ. ಓದುಗರಿಗೆ ಆ ಭಾವನೆ ಬಂದೀತೇ?

‘ಒಗ್ಗು’ ಒಂದೇ ಸಾಲುವುದಿಲ್ಲ ಅನ್ನುವುದೂ ನಿಜ. ಅದಕ್ಕೆ ಮೊದಲು ಎರಡು ಮೆಟ್ಟಿಲಿವೆ.

ಮೊದಲನೆಯದು ಕೂರುವುದು. ರ‍್ಯಾಕ್ ಅಗಲ 19 ಅಂಗುಲ, ಒಂದು ಯು ಅಂದರೆ 1.75 ಅಂಗುಲ ಎತ್ತರ, ಅಂದರೆ 44.45 ಮಿಲಿಮೀಟರ್. ಎರಡು ಯು ಪೆಟ್ಟಿಗೆಯಲ್ಲಿ ಕಾರ್ಡನ್ನು ನೇರ ನಿಲ್ಲಿಸಬೇಕಾದರೆ ಗಿಡ್ಡ ಕಾರ್ಡೇ ಬೇಕು, ಅದರ ತುದಿಯ ತಗಡೂ ಗಿಡ್ಡದಾಗಿರಬೇಕು. ಇಲ್ಲಿ ‘ಕೂರುತ್ತದೆ’ ಎಂದರೆ ಸಾಕು, ಬೇರೆ ಪದವೇ ಬೇಡ. ಒಂದು ಎಚ್ಚರ ಮಾತ್ರ ಬೇಕು. ಹದಿನಾರು ದಾರಿಯ ಉದ್ದದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ನಲ್ಲಿ (ಕಾರ್ಡ್ ಚುಚ್ಚುವ ಸೀಳಿನಲ್ಲಿ) ಕೆಲವು ಸಲ ನಾಲ್ಕೇ ದಾರಿಗೆ ತಂತಿ ಎಳೆದಿರುತ್ತಾರೆ. ಎಂಟು ದಾರಿಯ ಕಾರ್ಡ್ ಅದರಲ್ಲಿ ಕೂರುತ್ತದೆ, ನಡೆಯುತ್ತದೆ, ಆದರೆ ಅರ್ಧ ಅಗಲದ ರಸ್ತೆಯಲ್ಲಿ.

ಎರಡನೆಯದು ಗುರುತು ಹಿಡಿಯುವುದು. ಇದನ್ನು ವಿವರಿಸಲು ಕೈಪಿಡಿಯಲ್ಲಿ ಎರಡು ಪುಟ ತೆಗೆದುಕೊಂಡಿದ್ದೇನೆ, ಯಾಕೆಂದರೆ ಕಾರ್ಡಿನ ಹೆಸರನ್ನು ನಂಬಿ ಕೆಟ್ಟವರು ಜಾಸ್ತಿ. ಎಲ್‌ಎಸ್‌ಐ 9211-8ಐ, ಐಬಿಎಂ ಸರ್ವ್‌ರೇಡ್ ಎಂ1015, ಡೆಲ್ ಪರ್ಕ್ ಎಚ್200, ಇವು ಮೂರು ಹೆಸರು. ಒಳಗಿನ ಚಿಪ್ ಒಂದೇ, ಎಸ್‌ಎಎಸ್2008. ಆ ಎಲ್‌ಎಸ್‌ಐ ಕಂಪನಿ 2014ರಲ್ಲಿ ಅವಾಗೋ ಕಂಪನಿಯ ಕೈಸೇರಿತು, 2016ರಲ್ಲಿ ಅವಾಗೋ ಬ್ರಾಡ್‌ಕಾಮ್ ಆಯಿತು, ಹಾಗಾಗಿ ಹೆಸರಿನ ಗೋಜಲು ಇನ್ನೂ ಹೆಚ್ಚಿತು. ಕರ್ನಲ್ (ವ್ಯವಸ್ಥೆಯ ತಿರುಳು) ಕಾರ್ಡಿನ ಹೆಸರು ನೋಡುವುದಿಲ್ಲ, ಅದರ ನಂಬರ್ ನೋಡುತ್ತದೆ. ಯಂತ್ರದಲ್ಲಿರುವ ಕಾರ್ಡ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಆಜ್ಞೆಗೆ ಎರಡು ಎನ್ ಸೇರಿಸಿ (lspci -nn) ಕೊಟ್ಟರೆ ಸಾಲಿನ ಕೊನೆಯಲ್ಲಿ ಚೌಕ ಕಂಸದೊಳಗೆ ಆ ನಂಬರ್ ಕಾಣುತ್ತದೆ. ಎಂ1015 ಕಾರ್ಡ್ ಬಂದ ಹಾಗೇ ಹಾಕಿದರೆ 1000:0073. ಅದರ ರೇಡ್ ಫರ್ಮ್‌ವೇರ್ (ಕಾರ್ಡಿನೊಳಗೇ ಇರುವ ತಂತ್ರಾಂಶ) ಅಳಿಸಿ, ಡಿಸ್ಕ್‌ಗಳನ್ನು ಇದ್ದ ಹಾಗೇ ಬಿಟ್ಟುಕೊಡುವ ಐಟಿ ಫರ್ಮ್‌ವೇರ್ ತುಂಬಿದರೆ ಅದೇ ಕಾರ್ಡ್ 1000:0072 ಆಗುತ್ತದೆ, ಅದನ್ನು ನಡೆಸುವ ಡ್ರೈವರ್ ಕೂಡ ಬೇರೆಯಾಗುತ್ತದೆ. ಕಬ್ಬಿಣ ಅದೇ, ಗುರುತು ಬೇರೆ. ಈ ಕೆಲಸಕ್ಕೆ ‘ಒಗ್ಗಿಸು’ ಎಂದು ಬರೆದಿದ್ದೇನೆ: ‘ಕಾರ್ಡನ್ನು ಝಡ್‌ಎಫ್‌ಎಸ್‌ಗೆ ಒಗ್ಗಿಸುವ ವಿಧಾನ’. ಈ ಬಳಕೆ ನನಗೆ ತುಂಬಾ ಇಷ್ಟವಾಗಿದೆ. ನಿಮಗೂ ಸರಿ ಅನ್ನಿಸುತ್ತಾ ಹೇಳಿ.

(ಅಂದಹಾಗೆ ಇಲ್ಲಿನ ‘ಐಟಿ’ ಮಾಹಿತಿ ತಂತ್ರಜ್ಞಾನ ಅಲ್ಲ. ಇನಿಶಿಯೇಟರ್ ಟಾರ್ಗೆಟ್ ಎಂಬುದರ ಮೊದಲಕ್ಷರಗಳು. ಅದರ ಜೋಡಿ ಐಆರ್, ಅದು ಇಂಟಿಗ್ರೇಟೆಡ್ ರೇಡ್.)

ಇನ್ನು ‘ಬೆಂಬಲ’. ಸಪೋರ್ಟ್ ಎಂಬುದಕ್ಕೆ ಇದು ಬೇರೂರಿದ ಪದ, ಬದಲಿಸುವ ಆಸೆ ನನಗಿಲ್ಲ. ಬೆನ್ನಿನ ಬಲವೇ ಬೆಂಬಲ. ಬೆನ್ನಿಗೆ ಯಾರೋ ನಿಂತಿರಬೇಕು. ಹಾಗಿರುವಾಗ ‘ಈ ಕಾರ್ಡ್ ಲಿನಕ್ಸನ್ನು ಬೆಂಬಲಿಸುತ್ತದೆ’ ಎಂಬ ವಾಕ್ಯ ನನ್ನನ್ನು ಕಾಡುತ್ತದೆ. ಕಾರ್ಡ್ ಯಾರ ಬೆನ್ನಿಗೂ ನಿಲ್ಲುವುದಿಲ್ಲ. ಕಾರ್ಡಿನ ಬೆನ್ನಿಗೆ ಡ್ರೈವರ್ ಬರೆಯುವವರು, ಅದನ್ನು ಕಾಪಾಡಿಕೊಂಡು ಬರುವವರು ನಿಲ್ಲುತ್ತಾರೆ. ‘ಈ ಕಾರ್ಡ್‌ಗೆ ಲಿನಕ್ಸ್‌ನ ಬೆಂಬಲವಿದೆ’ ಎಂದು ತಿರುಗಿಸಿ ಬರೆದರೆ ನಿಜ ಹೇಳಿದಂತಾಯಿತು, ಅಲ್ವಾ?

ಈ ವ್ಯತ್ಯಾಸ ಬರೀ ಮಾತಿನದಲ್ಲ. 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8, ಮೇಲೆ ಹೇಳಿದ 1000:0072 ನಂಬರನ್ನು ತನ್ನ ಡ್ರೈವರಿನ ಪಟ್ಟಿಯಿಂದ ತೆಗೆದುಹಾಕಿತು. ಏಳನೇ ಆವೃತ್ತಿಯಲ್ಲಿ ನಡೆಯುತ್ತಿದ್ದ ಕಾರ್ಡ್ ಎಂಟರಲ್ಲಿ ಕಾಣದಾಯಿತು. ಮೂಲ ಲಿನಕ್ಸ್ ಕರ್ನಲ್‌ನಲ್ಲಿ ಆ ನಂಬರ್ ಹಾಗೇ ಇತ್ತು. ಇಎಲ್‌ರೆಪೋ ಎಂಬ ಸಮುದಾಯದ ಭಂಡಾರದಿಂದ ಡ್ರೈವರ್ ತಂದು ಹಾಕಿದರೆ ಎಂಟರಲ್ಲೂ ಕಾರ್ಡ್ ನಡೆಯುತ್ತಿತ್ತು. ಈಗ ಇದನ್ನು ಏನೆಂದು ಬರೆಯುವುದು? ಕೂರುತ್ತದೆ, ನಡೆಯುತ್ತದೆ, ಒಗ್ಗುತ್ತದೆ ಕೂಡ. ಬೆಂಬಲ ಮಾತ್ರ ಇಲ್ಲ. ನಾಲ್ಕು ಪದ ಇದ್ದರೆ ಒಂದೇ ಸಾಲಿನಲ್ಲಿ ಮುಗಿಯುವ ಮಾತು, ‘ಹೊಂದಾಣಿಕೆ’ ಒಂದನ್ನೇ ಇಟ್ಟುಕೊಂಡರೆ ಅರ್ಧ ಪುಟ ಬೇಕು. ಓಪನ್‌ಬಿಎಸ್‌ಡಿಯವರದು ಇನ್ನೊಂದು ಬಗೆ. ಅಡಾಪ್ಟೆಕ್ ಕಂಪನಿಯ ರೇಡ್ ಕಾರ್ಡ್‌ಗಳನ್ನು ಸರಿಯಾಗಿ ನಿರ್ವಹಿಸಲು ಬೇಕಾದ ದಾಖಲೆ ಸಿಗಲಿಲ್ಲವೆಂದು 2005ರಲ್ಲಿ ಅವರು ಆ ಕಾರ್ಡ್‌ಗಳ ಎಎಸಿ ಡ್ರೈವರನ್ನು ತಮ್ಮ ಸಾಮಾನ್ಯ ಕರ್ನಲ್‌ನಿಂದ ಹೊರಗಿಟ್ಟರು. ಕಾರ್ಡ್ ನಡೆದರೆ ಸಾಲದು, ಕೆಟ್ಟ ಡಿಸ್ಕ್ ಬದಲಿಸಿ ಮತ್ತೆ ಕಟ್ಟುವ ಕೆಲಸವೂ ನಮ್ಮ ಕೈಯಲ್ಲಿರಬೇಕು ಅನ್ನುವುದು ಅವರ ಹಟ. ಅದು ನ್ಯಾಯವಾದ ಹಟ ಎಂದೇ ನನ್ನ ಅನಿಸಿಕೆ. ಬೆಂಬಲ ಎಂಬ ಪದಕ್ಕೆ ಅವರು ಕೊಟ್ಟ ತೂಕ ನಮ್ಮ ಬರಹದಲ್ಲೂ ಇರಬೇಕು.

ಕಂಟ್ರೋಲರ್ ವಿಷಯಕ್ಕೆ ಬರುತ್ತೇನೆ. ‘ನಿಯಂತ್ರಕ’ ಎಂದು ಬರೆಯುವವರಿದ್ದಾರೆ. ರೇಡ್ ಕಾರ್ಡ್‌ಗೆ ಅದು ಒಪ್ಪುತ್ತದೆ, ಡಿಸ್ಕ್‌ಗಳು ಅದರ ಹಿಡಿತದಲ್ಲೇ ಇರುತ್ತವೆ. ಆದರೆ ಹೋಸ್ಟ್ ಬಸ್ ಅಡಾಪ್ಟರ್ ಎಂಬ ಸರಳ ಕಾರ್ಡ್ ಯಾರನ್ನೂ ಹಿಡಿದಿಡುವುದಿಲ್ಲ. ಈ ಕಡೆ ಬಂದದ್ದನ್ನು ಆ ಕಡೆ ಬಿಡುತ್ತದೆ. ಕಾಲುವೆಯಲ್ಲಿ ನೀರು ಹಾಯಿಸಿದ ಹಾಗೆ. ಅದಕ್ಕೆ ‘ಹಾಯಿಸುವ ಕಾರ್ಡ್’, ರೇಡ್ ಕಾರ್ಡ್‌ಗೆ ‘ಕಟ್ಟುವ ಕಾರ್ಡ್’ ಎಂದು ಕರಡಿನಲ್ಲಿ ಬರೆದಿದ್ದೇನೆ. ‘ಝಡ್‌ಎಫ್‌ಎಸ್‌ಗೆ ಹಾಯಿಸುವ ಕಾರ್ಡ್ ತೆಗೆದುಕೊಳ್ಳಿ, ಕಟ್ಟುವ ಕಾರ್ಡ್ ಬೇಡ.’ ಇದನ್ನು ಓದಿದ ಹೊಸಬರೊಬ್ಬರು ಮರುಮಾತಿಲ್ಲದೆ ಅರ್ಥ ಮಾಡಿಕೊಂಡರು. ಹೋಸ್ಟ್ ಪದವನ್ನು ಮಾತ್ರ ‘ಆತಿಥೇಯ’ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಇಲ್ಲಿ ಅದು ಕಾರ್ಡ್ ಕೂತಿರುವ ಯಂತ್ರ, ಅಷ್ಟೇ.

ರೇಡ್ ಎಂಬುದರ ಮೊದಲ ಅಕ್ಷರವೂ ತೊಂದರೆ ಕೊಡುತ್ತಿದೆ, ಅದು ‘ರಿಡಂಡಂಟ್’.    ‘ರಿಡಂಡಂಟ್’ ಎಂಬುದಕ್ಕೆ ನಿಘಂಟು ತೆಗೆದರೆ ‘ಅನಗತ್ಯ’ ಎಂದು ಸಿಗುತ್ತದೆ. ಒಂದು ಕರಡಿನಲ್ಲಿ ಸರ್ವರಿನ ಎರಡನೇ ಪವರ್ ಸಪ್ಲೈಯನ್ನು ‘ಅನಗತ್ಯ ವಿದ್ಯುತ್ ಘಟಕ’ ಎಂದು ಬರೆದದ್ದನ್ನು ಕಣ್ಣಾರೆ ನೋಡಿದ್ದೇನೆ. ಓದಿದವರು ಅದನ್ನು ಕಿತ್ತಿಟ್ಟರೆ ತಪ್ಪು ಯಾರದು? ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯಲಿ ಎಂದು ಇಟ್ಟದ್ದು ಅದು. ‘ಮೀಸಲು’ ಎಂದರೆ ಬೇಕಾದಾಗ ಮಾತ್ರ ಹೊರಗೆ ತೆಗೆಯುವ ವಸ್ತು ಎಂದಾಗುತ್ತದೆ. ಈ ಎರಡು ಪವರ್ ಸಪ್ಲೈಗಳೋ ಸಾಮಾನ್ಯವಾಗಿ ಒಟ್ಟಿಗೇ ಕೆಲಸ ಮಾಡುತ್ತಿರುತ್ತವೆ. ‘ಜೋಡಿ ಪವರ್ ಸಪ್ಲೈ’ ಎಂದು ಸದ್ಯಕ್ಕೆ ಬರೆದಿದ್ದೇನೆ, ಆದರೆ ಡಿಸ್ಕ್‌ಗಳ ವಿಷಯದಲ್ಲಿ ‘ಜೋಡಿ’ ನಡೆಯುವುದಿಲ್ಲ. ರೇಡ್ 6 ಎಂಬ ಬಗೆಯಲ್ಲಿ ಎರಡು ಡಿಸ್ಕ್‌ನಷ್ಟು ಜಾಗ ಆಸರೆಗೆ ಹೋಗುತ್ತದೆ, ಯಾವ ಡಿಸ್ಕ್‌ಗೂ ತದ್ರೂಪಿ ಜೋಡಿ ಇರುವುದಿಲ್ಲ.

ಕೊನೆಯದೊಂದು ಚಿಕ್ಕ ವಿಷಯ. ಡ್ರೈವ್ ಮತ್ತು ಡ್ರೈವರ್ ಕನ್ನಡ ಲಿಪಿಯಲ್ಲಿ ತೀರಾ ಹತ್ತಿರ ಬರುತ್ತವೆ. ‘ಡ್ರೈವ್‌ಗೆ’ ಮತ್ತು ‘ಡ್ರೈವರ್‌ಗೆ’ ಓದುವಾಗ ಕಣ್ಣು ತಪ್ಪುತ್ತದೆ. ಹಾಗಾಗಿ ಡ್ರೈವ್ ಕೈಬಿಟ್ಟು ಎಲ್ಲ ಕಡೆ ‘ಡಿಸ್ಕ್’ ಎಂದಿದ್ದೇನೆ, ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗೂ ಕೂಡ.

ನೀವು ತಿಳಿಸಬೇಕಾದದ್ದು ಇಷ್ಟು. ಕೂರು, ಗುರುತು ಹಿಡಿ, ಒಗ್ಗು, ಬೆಂಬಲವಿರು ಎಂಬ ನಾಲ್ಕು ಮಾತುಗಳಲ್ಲಿ ಯಾವುದಾದರೂ ನಿಮ್ಮ ಕಡೆಯ ಮಾತಿನಲ್ಲಿ ಬೇರೆ ಅರ್ಥ ಕೊಡುತ್ತದೆಯೇ? ‘ಹಾಯಿಸುವ ಕಾರ್ಡ್’ ಕಿವಿಗೆ ಒರಟಾಯಿತೇ? ರಿಡಂಡಂಟ್ ಎಂಬುದಕ್ಕೆ ಡಿಸ್ಕ್‌ಗೂ ಪವರ್ ಸಪ್ಲೈಗೂ ಸಲ್ಲುವ ಒಂದು ಪದ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಕೊಡಿ. ಆ ಪದ ಬರುವ ಅಧ್ಯಾಯ ಒಂದನ್ನು ಬಿಟ್ಟು ಉಳಿದದ್ದೆಲ್ಲ ತಿದ್ದುಪಡಿಗೆ ಸಿದ್ಧವಾಗಿದೆ.