ಬ್ರಿಡ್ಜ್ ಸರ್ಕ್ಯೂಟ್: 1 ಕೆ ರೆಸಿಸ್ಟರಿನ ಮೇಲೆ 1.42 ವೋಲ್ಟ್, ಆದ್ರೆ ಕರೆಂಟ್ 2.46 ಮಿಲಿ ಆಂಪಿಯರ್?

ಮೂರನೇ ಸೆಮ್, ಉಡುಪಿ

ಡಿಪ್ಲೊಮಾ ಲ್ಯಾಬಿನ ಸರ್ಕ್ಯೂಟ್. ಸಪ್ಲೈ 10 ವೋಲ್ಟ್, ಅದರ ಪ್ಲಸ್ ಬಿಂದು ಎ. ಎ–ಬಿ ನಡುವೆ ಆರ್1 = 1 ಕೆ (ಕಿಲೋ ಓಮ್, ಅಂದ್ರೆ 1000 ಓಮ್), ಎ–ಸಿ ನಡುವೆ ಆರ್2 = 2 ಕೆ. ಬಿಯಿಂದ ಗ್ರೌಂಡಿಗೆ ಆರ್3 = 2 ಕೆ, ಸಿಯಿಂದ ಗ್ರೌಂಡಿಗೆ ಆರ್4 = 1 ಕೆ. ಬಿ–ಸಿ ನಡುವೆ ಅಡ್ಡಕ್ಕೆ ಆರ್5 = 1 ಕೆ.

ಮೇಲಿನ ಎರಡು ಪ್ಯಾರಲಲ್, ಕೆಳಗಿನ ಎರಡು ಪ್ಯಾರಲಲ್ ಅಂತ ತೆಗೆದ್ರೆ 1.333 ಕೆ, ಒಟ್ಟು ಕರೆಂಟ್ 7.5 ಮಿಲಿ ಆಂಪಿಯರ್ ಬರ್ತದೆ. ಕೊಟ್ಟ ಉತ್ತರ 7.14, ಆರ್5ರಲ್ಲಿ 1.43. ಬ್ರೆಡ್‌ಬೋರ್ಡಲ್ಲಿ ಆರ್5ರ ಎರಡು ಕಾಲಿಗೆ ಪ್ರೋಬ್ ಹಿಡಿದ್ರೆ 1.42 ವೋಲ್ಟ್ ತೋರಿಸ್ತದೆ. ಅದೇ ಜಾಗದಲ್ಲಿ ಮೀಟರನ್ನು 20 ಮಿಲಿ ಆಂಪಿಯರ್ ರೇಂಜಿಗೆ ತಿರುಗಿಸಿ ಹಿಡಿದ್ರೆ 2.46. ಇದು ಎಂತ ಲೆಕ್ಕ? ಮೀಟರ್ ಹಾಳಾಗಿದೆಯಾ?

ಕದ್ರಿ ಬೆಂಚ್

ಮೊದಲು ಲೆಕ್ಕ. ಎರಡು ರೆಸಿಸ್ಟರ್ ಪ್ಯಾರಲಲ್ ಆಗ್ಬೇಕಾದ್ರೆ ಎರಡರ ಈಚೆ ತುದಿ ಒಂದೇ ನೋಡಿಗೆ (ನೋಡ್ ಅಂದ್ರೆ ತಂತಿಗಳು ಸೇರುವ ಬಿಂದು), ಆಚೆ ತುದಿಯೂ ಒಂದೇ ನೋಡಿಗೆ ಸೇರಿರಬೇಕು. ಆರ್1, ಆರ್2 ಸೇರುವುದು ಎ ಹತ್ತಿರ ಮಾತ್ರ; ಆಚೆ ತುದಿ ಒಂದು ಬಿ, ಇನ್ನೊಂದು ಸಿ. ಪುಸ್ತಕದ ಚಿತ್ರದಲ್ಲಿ ಅಕ್ಕಪಕ್ಕ ಕಾಣ್ತದೆ ಅಂತ ಪ್ಯಾರಲಲ್ ಮಾಡ್ಲಿಕ್ಕೆ ಇಲ್ಲ. ಲೆಕ್ಕ ಶುರು ಮಾಡುವ ಮೊದಲೇ ಪ್ರತಿ ನೋಡಿಗೆ ಒಂದು ಅಕ್ಷರ ಬರೆದು, ಪ್ರತಿ ರೆಸಿಸ್ಟರನ್ನು "ಎ–ಬಿ, 1 ಕೆ" ಅಂತ ಪಟ್ಟಿ ಮಾಡಿ. ಪಟ್ಟಿಯಲ್ಲಿ ಅಕ್ಷರದ ಜೋಡಿ ಎರಡು ಸಲ ಬಂದ್ರೆ ಮಾತ್ರ ಪ್ಯಾರಲಲ್. ಇಲ್ಲಿ ಒಂದೂ ಇಲ್ಲ, ಸೀರೀಸೂ (ಒಂದರ ಹಿಂದೆ ಒಂದು) ಇಲ್ಲ.

ನೋಡ್ ವೋಲ್ಟೇಜ್ ಹಾಕಿ: ಬಿ, ಸಿ ಬಿಂದುಗಳ ವೋಲ್ಟೇಜ್ ವಿಬಿ, ವಿಸಿ ಅಂತ ಇಟ್ಟು, ಒಳಗೆ ಬರುವ ಕರೆಂಟ್ = ಹೊರಗೆ ಹೋಗುವ ಕರೆಂಟ್ ಅಂತ ಬರೆಯಿರಿ. ಕೆ ಮತ್ತು ವೋಲ್ಟ್ ಇಟ್ಟರೆ ಕರೆಂಟ್ ನೇರ ಮಿಲಿ ಆಂಪಿಯರಲ್ಲೇ ಬರ್ತದೆ, ಸೊನ್ನೆ ಎಣಿಸುವ ರಗಳೆ ಇಲ್ಲ.

ಬಿ ಹತ್ತಿರ: (10 − ವಿಬಿ)/1 = ವಿಬಿ/2 + (ವಿಬಿ − ವಿಸಿ)/1
ಸಿ ಹತ್ತಿರ: (10 − ವಿಸಿ)/2 + (ವಿಬಿ − ವಿಸಿ)/1 = ವಿಸಿ/1

ಬಿಡಿಸಿದ್ರೆ ವಿಬಿ = 5.714, ವಿಸಿ = 4.286. ಆರ್5ರಲ್ಲಿ 1.43 ಮಿಲಿ ಆಂಪಿಯರ್, ಬಿಯಿಂದ ಸಿ ಕಡೆಗೆ. ಒಟ್ಟು 4.286 + 2.857 = 7.143. ಅಂದ್ರೆ ಇಡೀ ಜಾಲ 1.4 ಕೆ.

ಡೆಲ್ಟಾ–ಸ್ಟಾರ್ (ತ್ರಿಕೋನದ ಮೂರು ರೆಸಿಸ್ಟರಿನ ಬದಲು ಮಧ್ಯದಲ್ಲಿ ಸೇರುವ ಮೂರು ಕಾಲು ಹಾಕುವುದು) ಬೇಕೇ ಬೇಕು ಅಂತ ಪ್ರಶ್ನೆಯಲ್ಲಿ ಇದ್ದರೆ: ಎ–ಬಿ–ಸಿ ಡೆಲ್ಟಾದ ಮೊತ್ತ 4 ಕೆ, ಸ್ಟಾರಿನ ಕಾಲುಗಳು ಎ 0.5, ಬಿ 0.25, ಸಿ 0.5 ಕೆ. ಬಿ ಕಾಲಿಗೆ ಆರ್3 ಕೂಡಿ 2.25, ಸಿ ಕಾಲಿಗೆ ಆರ್4 ಕೂಡಿ 1.5; ಇವೆರಡು ಪ್ಯಾರಲಲ್ 0.9, ಅದಕ್ಕೆ 0.5 ಕೂಡಿಸಿದ್ರೆ 1.4. ಒಟ್ಟು ಕರೆಂಟಿಗೆ ಇದು ಸಾಕು. ಆದ್ರೆ ಆರ್5ರ ಕರೆಂಟ್ ಕೇಳಿದ್ರೆ ಸ್ಟಾರಲ್ಲಿ ಆರ್5 ಇರುವುದೇ ಇಲ್ಲ, 0.25 ಕೆ ಕಾಲಿನ ಕರೆಂಟನ್ನು ಆರ್5ರದ್ದು ಅಂತ ಬರೆದು ಮಾರ್ಕ್ಸ್ ಕಳ್ಕೊಳ್ಳುವವರು ತುಂಬ ಜನ. ವಿಬಿ, ವಿಸಿ ಕಂಡುಹಿಡಿದು ವಾಪಸ್ ಮೂಲ ಚಿತ್ರಕ್ಕೆ ಬರ್ಬೇಕು.

ಪರೀಕ್ಷೆಯಲ್ಲಿ ಬರೆದದ್ದು ಸರಿಯೋ ಅಂತ ನೋಡ್ಲಿಕ್ಕೆ: ಆರ್5 ತೆಗೆದು ಒಮ್ಮೆ (1.5 ಕೆ), ಅಲ್ಲಿ ತಂತಿ ಹಾಕಿ ಒಮ್ಮೆ (1.333 ಕೆ) ಲೆಕ್ಕ ಮಾಡಿ. ನಿಜವಾದ ಉತ್ತರ ಇವೆರಡರ ನಡುವೆಯೇ ಇರ್ಬೇಕು. ನಿಮ್ಮ 7.5 ತಂತಿ ಹಾಕಿದ ಸರ್ಕ್ಯೂಟಿನ ಉತ್ತರ.

ಹಂಪನಕಟ್ಟೆ ಓಮ್

ಮೀಟರ್ ಸರಿ ಉಂಟು ಮಾರಾಯ್ರೇ, ಹಿಡಿದ ಜಾಗ ತಪ್ಪು. ಸಾಮಾನ್ಯ ಡಿಜಿಟಲ್ ಮೀಟರಿನ 20 ಮಿಲಿ ಆಂಪಿಯರ್ ರೇಂಜಲ್ಲಿ ಒಳಗೆ ಸುಮಾರು 10 ಓಮಿನ ಶಂಟ್ (ಕರೆಂಟ್ ಅಳೆಯುವ ಸಣ್ಣ ರೆಸಿಸ್ಟರ್) ಇರ್ತದೆ. ಅದನ್ನು 1 ಕೆ ಮೇಲೆ ಅಡ್ಡ ಇಟ್ಟರೆ ಆರ್5 ಇದ್ದೂ ಇಲ್ಲದ ಹಾಗೆ, ಕರೆಂಟ್ ಹೆಚ್ಚುಕಡಿಮೆ ಪೂರ್ತಿ ಮೀಟರಿನ ಒಳಗೇ ಹೋಗ್ತದೆ.

ತೆವೆನಿನ್ ಪ್ರಕಾರ, ಅಂದ್ರೆ ಆರ್5 ಬಿಟ್ಟು ಉಳಿದ ಜಾಲವನ್ನು ಒಂದು ವೋಲ್ಟೇಜ್, ಒಂದು ರೆಸಿಸ್ಟೆನ್ಸ್ ಅಂತ ಮಾಡಿ ನೋಡಿ. ಆರ್5 ತೆಗೆದಾಗ ಬಿ 6.667, ಸಿ 3.333, ವ್ಯತ್ಯಾಸ 3.333 ವೋಲ್ಟ್. ಸಪ್ಲೈ ಜಾಗಕ್ಕೆ ತಂತಿ ಹಾಕಿ ಬಿ–ಸಿ ಕಡೆಯಿಂದ ಕಂಡ ರೆಸಿಸ್ಟೆನ್ಸ್ 0.667 + 0.667 = 1.333 ಕೆ. ಶಾರ್ಟ್ ಮಾಡಿದ್ರೆ 2.5 ಮಿಲಿ ಆಂಪಿಯರ್. 10 ಓಮ್ ಮತ್ತು ಪಕ್ಕದ 1 ಕೆ ಲೆಕ್ಕಕ್ಕೆ ಹಿಡಿದ್ರೆ ಸರೀ 2.46. ನೀವು ಗೊತ್ತಿಲ್ಲದೆ ಹೆಚ್ಚುಕಡಿಮೆ ನಾರ್ಟನ್ ಕರೆಂಟ್ (ಬಿ–ಸಿ ಶಾರ್ಟ್ ಮಾಡಿದಾಗಿನ ಕರೆಂಟ್) ಅಳೆದದ್ದು!

ಆರ್5ರ ಒಂದು ಕಾಲು ಎತ್ತಿ ಬೇರೆ ಸಾಲಿಗೆ ಚುಚ್ಚಿ, ಮೀಟರನ್ನು ಮಧ್ಯೆ ಸೇರಿಸಿ. 1.42 ಮಿಲಿ ಆಂಪಿಯರ್ ಬರ್ತದೆ. ಕರೆಂಟ್ ರೇಂಜಲ್ಲಿ ಇಟ್ಟು ಸಪ್ಲೈಗೆ ನೇರ ಹಿಡಿದಿದ್ರೆ ಫ್ಯೂಸ್ ಹೋಗ್ತಿತ್ತು. 10 ಆಂಪಿಯರ್ ತೂತಿಗೆ ಎಷ್ಟೋ ಮೀಟರಲ್ಲಿ ಫ್ಯೂಸೂ ಇಲ್ಲ.

ಅಂಗಡಿಯಲ್ಲಿ 2 ಕೆ ಕೇಳಿದ್ರೆ ಹೆಚ್ಚಾಗಿ 2.2 ಕೆ ಕೊಡ್ತಾರೆ. ಬೇಡ. ಎರಡು 1 ಕೆ ಸೀರೀಸಲ್ಲಿ ಹಾಕಿ, ಒಟ್ಟು ಏಳು ತಗೊಂಡ್ರೆ ಆಯ್ತು.

ಮೂರನೇ ಸೆಮ್, ಉಡುಪಿ

ಸೀರೀಸಲ್ಲಿ 1.41 ಬಂತು, ಥ್ಯಾಂಕ್ಸ್ ಅಣ್ಣ. ಇನ್ನೊಂದು. ಸಪ್ಲೈ ವಯರ್ ಎರಡೂ ಕಿತ್ತು ಆರ್5ನ್ನು ಬೋರ್ಡಲ್ಲೇ ಓಮ್ ರೇಂಜಲ್ಲಿ ನೋಡಿದ್ರೆ 600 ಓಮ್ ತೋರಿಸ್ತದೆ. ಬಣ್ಣ ಕಂದು–ಕಪ್ಪು–ಕೆಂಪೇ.

ಕದ್ರಿ ಬೆಂಚ್

600 ಸರಿಯೇ. ಎ ದಾರಿಯಲ್ಲಿ 1 + 2 = 3 ಕೆ, ಗ್ರೌಂಡ್ ದಾರಿಯಲ್ಲಿ 2 + 1 = 3 ಕೆ, ಎರಡೂ ಸೇರಿ 1.5 ಕೆ, ಅದು 1 ಕೆಗೆ ಪ್ಯಾರಲಲ್ ಆದ್ರೆ 0.6. ಒಂದು ಕಾಲು ಎತ್ತದೆ ಬೋರ್ಡಲ್ಲಿ ಓಮ್ ಅಳೆಯುವುದು ವ್ಯರ್ಥ.

ಹಂಪನಕಟ್ಟೆ ಓಮ್

ಮುಂದೆ ಆರ್5ರ ಮೇಲೆ ಮೈನಸ್ 0.91 ವೋಲ್ಟ್ ಕಂಡ್ರೆ ಆರ್4ರ ಗ್ರೌಂಡ್ ಅಥವಾ ಆರ್1 ಬಿಟ್ಟಿರಬಹುದು; ಆರ್4ರದ್ದಾದ್ರೆ ಸಿ 8.18ಕ್ಕೆ ಏರಿ ಕರೆಂಟ್ ಉಲ್ಟಾ ಹರಿತದೆ. ಉದ್ದದ ಬ್ರೆಡ್‌ಬೋರ್ಡ್‌ಗಳಲ್ಲಿ ಸಪ್ಲೈ ಸಾಲು ಮಧ್ಯದಲ್ಲಿ ತುಂಡಾಗಿರುವುದುಂಟು, ಅಲ್ಲೊಂದು ಜಂಪರ್ (ಜೋಡಿಸುವ ಸಣ್ಣ ತಂತಿ) ಬೇಕು. ನಮ್ಮ ಮಳೆಗಾಲದ ತೇವಕ್ಕೆ ಹಳೇ ರೆಸಿಸ್ಟರಿನ ಕಾಲು ಕಪ್ಪಾಗಿಯೂ ಕಾಂಟ್ಯಾಕ್ಟ್ ಬಿಡ್ತದೆ. ರೀಡಿಂಗ್ ಓಲಾಡಿದ್ರೆ ಸಣ್ಣ ಮರಳು ಕಾಗದದಲ್ಲಿ ಉಜ್ಜಿ ಚುಚ್ಚಿ.