ಅಮ್ಮನ ಕಾಲು ಊತ ಬಿಪಿ ಮಾತ್ರೆಯಿಂದ ಇರಬಹುದಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಸಂಜೆಯಾಗುತ್ತಿದ್ದಂತೆ ಎರಡೂ ಪಾದ ಊದಿಕೊಳ್ಳುತ್ತಿವೆ. ಕಣಕಾಲಿನ ಮೂಳೆಯ ಮೇಲೆ ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತದೆ, ತುಂಬಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಬೆಳಿಗ್ಗೆ ಏಳುವಾಗ ಬಹುಪಾಲು ಇಳಿದಿರುತ್ತದೆ.

ಬಿಪಿಗೆ ಅಮ್ಲೋಡಿಪಿನ್ 5 ಎಂಜಿ ಇದ್ದದ್ದನ್ನು ಈಚೆಗೆ 10 ಮಾಡಿದ್ದಾರೆ. ಇದು ಸಣ್ಣ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ನೀರು ಹೊರಗೆ ಜಿನುಗಿ ಪಾದ ಊದುವುದುಂಟು, ಡೋಸ್ ಹೆಚ್ಚಿದಷ್ಟೂ ಜಾಸ್ತಿ ಅಂತ ಗೊತ್ತು. ಆದರೆ ಹೃದಯ, ಕಿಡ್ನಿ, ಲಿವರ್ ತೊಂದರೆಯಲ್ಲೂ ಹೀಗೇ ಆಗುತ್ತದಲ್ಲ, ಅದೇ ಚಿಂತೆ. ಕಣ್ಣಿನ ಸುತ್ತ ಊತ, ನೊರೆ ನೊರೆ ಮೂತ್ರ, ಮಲಗಿದರೆ ಉಸಿರು ಕಟ್ಟುವುದು ಯಾವುದೂ ಇಲ್ಲ. ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದೆಂದು ತಕ್ಷಣ ಓಡುತ್ತಿದ್ದೆ, ಅದೂ ಅಲ್ಲ.

ನೆಂಟರೊಬ್ಬರು ಲ್ಯಾಸಿಕ್ಸ್ (ಮೂತ್ರ ಹೆಚ್ಚಿಸಿ ಮೈನೀರು ಇಳಿಸುವ ಮಾತ್ರೆ) ಕೊಟ್ಟುಬಿಡಿ ಎನ್ನುತ್ತಿದ್ದಾರೆ. ಡಾಕ್ಟರನ್ನು ಕೇಳದೆ ಕೊಡುವ ಮಾತೇ ಇಲ್ಲ, ಬಿಪಿ ಮಾತ್ರೆಯನ್ನು ನಾವಾಗಿ ನಿಲ್ಲಿಸುವುದೂ ಇಲ್ಲ. ಸೋಮವಾರ ತೋರಿಸುತ್ತಿದ್ದೇವೆ.

ಈ ಮಾತ್ರೆಯಿಂದ ಊತ ಬಂದವರು ಯಾರಾದರೂ ಇದ್ದೀರಾ? ಡೋಸ್ ಇಳಿಸಿದ ಮೇಲೆ ಎಷ್ಟು ದಿನಕ್ಕೆ ಕಡಿಮೆಯಾಯಿತು? ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ), ಆಲ್ಬುಮಿನ್ (ರಕ್ತದಲ್ಲಿನ ಪ್ರೋಟೀನ್), ಥೈರಾಯ್ಡ್, ಮೂತ್ರದ ಪ್ರೋಟೀನ್, ಎಕೋ (ಹೃದಯದ ಸ್ಕ್ಯಾನ್) ಬಿಟ್ಟು ಬೇರೆ ಯಾವ ಪರೀಕ್ಷೆ ಬಗ್ಗೆ ಕೇಳಬೇಕು?