ಮಗಳ ಬರ್ತ್‌ಡೇ 3000 ರೂಪಾಯಿ ಒಳಗೆ ಮಾಡೋಕಾಗುತ್ತಾ?

ಪ್ರಶ್ನೆ: ಮುಂದಿನ ತಿಂಗಳು ಮಗಳಿಗೆ 5 ವರ್ಷ ತುಂಬುತ್ತೆ, ಬೆಂಗಳೂರಲ್ಲಿ ಬಾಡಿಗೆ ಮನೆ, 15 ಮಕ್ಕಳನ್ನ ಕರೀಬೇಕು, ಹಾಲ್ ಬುಕ್ ಮಾಡೋ ಶಕ್ತಿ ಇಲ್ಲ. ಹೇಗೆ ಮಾಡ್ಲಿ ಹೇಳಿ ಪ್ಲೀಸ್.

ಉತ್ತರ: ಸಂಜೆ 4ರಿಂದ 6 ಅಂತ ಕರೀರಿ ಅಕ್ಕ, ಊಟ ಹಾಕೋ ಖರ್ಚೇ ಉಳಿಯುತ್ತೆ. ಮನೇಲೇ ಕೇಸರಿಬಾತ್, ಆಲೂ ಬೋಂಡ, ನಿಂಬೆ ಜ್ಯೂಸ್ ಮಾಡಿ ಸಾಕು. ಕೇಕ್ 1 ಕೆಜಿ ತಗೊಂಡು ಚಿಕ್ಕ ಪೀಸ್ ಮಾಡಿದ್ರೆ ಎಲ್ರಿಗೂ ಬರುತ್ತೆ, ಫಾಂಡೆಂಟ್ (ಮೇಲೆ ಹೊದಿಸೋ ಸಕ್ಕರೆ ಪೇಸ್ಟ್) ಹಾಕಿದ ಕಾರ್ಟೂನ್ ಕೇಕ್ ಮಾತ್ರ ಬೇಡ, ರೇಟ್ ಜಾಸ್ತಿ, ಮಕ್ಕಳು ಆ ಲೇಯರ್ ತೆಗೆದಿಟ್ಟುಬಿಡ್ತಾರೆ.

ಉತ್ತರ: ಬಲೂನು, ರಿಟರ್ನ್ ಗಿಫ್ಟ್‌ಗೆ ಬಣ್ಣದ ಪೆನ್ಸಿಲ್ ಎಲ್ಲ ಮಾಮೂಲ್‌ಪೇಟೆ ಕಡೆ ಹೋಲ್‌ಸೇಲಲ್ಲಿ ತಗೊಳ್ಳಿ.

ಉತ್ತರ: ಗೇಮ್ಸ್‌ಗೆ ಯಾರನ್ನೂ ಕರೆಸ್ಬೇಡಿ, ಕೆರೆ-ದಡ, ಮ್ಯೂಸಿಕಲ್ ಚೇರ್ ನೀವೇ ಆಡಿಸಿ. ಟೆರೇಸ್‌ಗೆ ಓನರ್ ಹತ್ರ ಮೊದ್ಲೇ ಕೇಳಿ, ಆದ್ರೆ ಸುತ್ತಿನ ಗೋಡೆ ಗಿಡ್ಡ ಇದ್ರೆ ಮನೆಯೊಳಗೇ ಮಾಡಿ.